‘ಏನೂ ಆಗುವುದಿಲ್ಲ’ ಎನ್ನಬೇಡಿ, ಸಿಸ್ಟರ್

ಪ್ರಶ್ನೆ: ಐಸಿಯುಗೆ ಹೊಸದಾಗಿ ಸೇರಿದ ನರ್ಸ್ ನಾನು. ವೆಂಟಿಲೇಟರ್‌ನಲ್ಲಿರುವ ರೋಗಿಯ ಮನೆಯವರು ‘ಉಳಿಯುತ್ತಾರಾ ಸಿಸ್ಟರ್?’ ಎಂದು ಕೇಳಿದಾಗ ‘ಏನೂ ಆಗುವುದಿಲ್ಲ, ಧೈರ್ಯವಾಗಿರಿ’ ಎನ್ನುತ್ತೇನೆ. ತಪ್ಪೇ?

ಉತ್ತರ: ತಪ್ಪು. ಇದೇ ಪ್ರಶ್ನೆ ಮತ್ತೆ ಮತ್ತೆ ಬರುವಾಗ, ನರ್ಸಿಂಗ್ ಕಾಲೇಜುಗಳಲ್ಲಿ ಏನು ಕಲಿಸುತ್ತಿದ್ದಾರೆ ಎಂದು ಸಿಟ್ಟೇ ಬರುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಹೇಳಿದರೆ ಅದು ಸಾಂತ್ವನವಲ್ಲ, ಸುಳ್ಳು. ಬೆಳಗಾಗುವಷ್ಟರಲ್ಲಿ ರೋಗಿ ತೀರಿಕೊಂಡರೆ ನಿಮ್ಮನ್ನು ಕೇಳಿದ ಮಗಳನ್ನು ಜೀವನವಿಡೀ ಚುಚ್ಚುವುದು ನಿಮ್ಮ ಆ ಒಂದು ಮಾತು. ‘ಡಾಕ್ಟರನ್ನೇ ಕೇಳಿ’ ಎಂದು ಬೆನ್ನು ತಿರುಗಿಸುವುದೂ ಅಷ್ಟೇ ಕೆಟ್ಟದ್ದು. ಉಳಿವಿನ ಸಾಧ್ಯತೆ ಹೇಳಬೇಕಾದವರು ವೈದ್ಯರು, ನಿಜ. ಆದರೆ ರಾತ್ರಿಯಿಡೀ ಹಾಸಿಗೆಯ ಪಕ್ಕ ಇದ್ದವರು ನೀವು.

ಬಾಗಿಲಲ್ಲಿ ನಿಂತು ಮಾತಾಡಬೇಡಿ. ಅವರನ್ನು ಕೂರಿಸಿ, ನೀವೂ ಕುಳಿತುಕೊಳ್ಳಿ. ‘ಡಾಕ್ಟರ್ ಏನು ಹೇಳಿದ್ದಾರೆ ಅಮ್ಮಾ?’ ಎಂದು ಮೊದಲು ಕೇಳಿ. ವೈದ್ಯರು ಹೇಳಿದ್ದಕ್ಕೂ ಇವರು ತಿಳಿದುಕೊಂಡದ್ದಕ್ಕೂ ಎಷ್ಟೋ ಬಾರಿ ಸಂಬಂಧವೇ ಇರುವುದಿಲ್ಲ. ಆಮೇಲೆ ಕಂಡದ್ದನ್ನು ಹೇಳಿ: ‘ಸ್ಥಿತಿ ಗಂಭೀರವಾಗಿಯೇ ಇದೆ. ರಾತ್ರಿ ರಕ್ತದೊತ್ತಡ ಇಳಿಯಿತು, ಔಷಧಿ ಹೆಚ್ಚಿಸಿದ್ದೇವೆ. ಮುಂದೇನಾಗುತ್ತದೆ ಎಂದು ಹೇಳಲು ನನ್ನಿಂದಾಗದು. ಡಾಕ್ಟರ್ ಬಂದು ಮಾತಾಡುವಾಗ ನಾನೂ ನಿಮ್ಮ ಜೊತೆ ಇರುತ್ತೇನೆ.’ ಅತ್ತರೆ ಅಳಲಿ, ಸುಮ್ಮನೆ ಪಕ್ಕದಲ್ಲಿರಿ. ಏನು ಮಾತಾಯಿತೆಂದು ಬರೆದಿಟ್ಟು, ಪಾಳಿ ಬದಲಾಗುವಾಗ ಮುಂದಿನವರಿಗೆ ತಿಳಿಸಿ. ಬೆಳಿಗ್ಗೆ ಒಬ್ಬರು ‘ಸುಧಾರಿಸಿದ್ದಾರೆ’, ಸಂಜೆ ಇನ್ನೊಬ್ಬರು ‘ಕಷ್ಟ’ ಎಂದರೆ ಜನ ರೊಚ್ಚಿಗೇಳದೆ ಇನ್ನೇನು ಮಾಡಿಯಾರು?

ಇದು ಉಪನ್ಯಾಸ ಕೇಳಿ ಬರುವ ವಿದ್ಯೆಯಲ್ಲ. ಒಬ್ಬರು ಮಗಳಾಗಿ, ಒಬ್ಬರು ನರ್ಸ್ ಆಗಿ ಅಭಿನಯಿಸಬೇಕು. ಹಿರಿಯರು ನಡುವೆ ತಡೆದು ‘ಈ ವಾಕ್ಯವನ್ನು ಮತ್ತೆ ಹೇಳು’ ಎನ್ನಬೇಕು. ಎರಡು ದಿನದ ಶಿಬಿರದಲ್ಲಿ ನಗುಮುಖ ಕಲಿಸಿ ಪ್ರಮಾಣಪತ್ರ ಹಂಚುವವರಿಗೆ ದುಡ್ಡು ಸುರಿಯಬೇಡಿ. ವೆಂಟಿಲೇಟರ್‌ನ ಮೂವರು ರೋಗಿಗಳನ್ನು ಒಬ್ಬಳಿಗೆ ಒಪ್ಪಿಸಿ ‘ಸಮಾಧಾನವಾಗಿ ಮಾತಾಡು’ ಎನ್ನುವ ಆಡಳಿತದವರಿಗೂ ಬುದ್ಧಿ ಹೇಳಬೇಕಿದೆ.

ಪ್ರಶ್ನೆ: ಪ್ರಜ್ಞೆಯಿಲ್ಲದ ರೋಗಿಯೊಡನೆ ಮಾತಾಡಿ ಏನು ಪ್ರಯೋಜನ?

ಉತ್ತರ: ಮಂಪರಿನ ಔಷಧಿಯಲ್ಲಿರುವವರಿಗೂ ಕೇಳಿಸುತ್ತಿರಬಹುದು, ಕಫ ಎಳೆಯುವ ಮೊದಲು ‘ಅಜ್ಜಾ, ಈಗ ಕೆಮ್ಮು ಬರುತ್ತದೆ’ ಎಂದು ಹೇಳಿಯೇ ಕೊಳವೆ ಹಾಕಿ.

ಪ್ರಶ್ನೆ: ಸತ್ತವರನ್ನು ವೆಂಟಿಲೇಟರ್‌ನಲ್ಲಿಟ್ಟು ಬಿಲ್ ಏರಿಸುತ್ತಾರಂತೆ, ನಿಜವೇ?

ಉತ್ತರ: ಹೃದಯ ನಿಂತ ದೇಹವನ್ನು ವೆಂಟಿಲೇಟರ್ ಉಳಿಸಲಾರದು. ಮಿದುಳು ಮತ್ತೆ ಚೇತರಿಸದಂತೆ ನಿಂತು, ವೆಂಟಿಲೇಟರ್ ನೆರವಿನಲ್ಲಿ ಹೃದಯ ಮಾತ್ರ ಬಡಿಯುತ್ತಿರುವ ‘ಮಿದುಳಿನ ಸಾವು’ ಬೇರೆ ವಿಷಯ: 1994ರ ಅಂಗಾಂಗ ಕಸಿ ಕಾಯ್ದೆಯಂತೆ ನಾಲ್ವರು ವೈದ್ಯರು, ಕನಿಷ್ಠ 6 ಗಂಟೆಗಳ ಅಂತರದಲ್ಲಿ ನಡೆದ ಎರಡು ಪರೀಕ್ಷೆಗಳ ಬಳಿಕ, ಅದನ್ನು ಪ್ರಮಾಣೀಕರಿಸಬೇಕು. ವಾಟ್ಸ್ಆಪ್ ಕತೆ ಹರಡುವ ಬದಲು ಕೇಸ್ ಶೀಟ್ ತೋರಿಸಿ ವಿವರಿಸುವಂತೆ ಕೇಳಿ.

ಪ್ರಶ್ನೆ: ಮೂಗಿನ ಕೊಳವೆಯಲ್ಲಿ ನಾಟಿ ಕಷಾಯ ಹಾಕಿ ಎಂದು ಮನೆಯವರು ಕೈಮುಗಿದರೆ?

ಉತ್ತರ: ಆಗುವುದಿಲ್ಲ ಎನ್ನಿ. ಅದನ್ನು ಮಾರಿದವನು ರಾತ್ರಿ ಎರಡಕ್ಕೆ ಐಸಿಯುಗೆ ಬರುವುದಿಲ್ಲ.

ಪ್ರಶ್ನೆ: ‘ನನಗೆ ವೆಂಟಿಲೇಟರ್ ಬೇಡ’ ಎಂದು ರೋಗಿ ಮೊದಲೇ ಬರೆದಿಟ್ಟ ಪತ್ರವನ್ನು ಮಗ ನನ್ನ ಕೈಗಿತ್ತ. ಏನು ಮಾಡಲಿ?

ಉತ್ತರ: ಇಂಥ ಪತ್ರಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯತೆ ನೀಡಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿದೆ. ತೀರ್ಮಾನ ನಿಮ್ಮದಲ್ಲ, ಅದಕ್ಕೆ ವೈದ್ಯರ ಎರಡು ಮಂಡಳಿಗಳಿವೆ. ಪತ್ರವನ್ನು ಕೂಡಲೇ ಚಿಕಿತ್ಸೆ ನೀಡುವ ವೈದ್ಯರಿಗೆ ಕೊಟ್ಟು, ಕೊಟ್ಟ ಸಮಯವನ್ನು ಕೇಸ್ ಶೀಟಿನಲ್ಲಿ ಬರೆಯಿರಿ.