ಹಳೆಯ ಅಂಬಾಸಿಡರ್‌ಗೆ ಇಸುಜು ಎಂಜಿನ್ ಕೂರಿಸುವಾಗ ಹಳೆಯ ಗೇರ್‌ಬಾಕ್ಸ್ ಮತ್ತು ಆಕ್ಸಲ್ ಉಳಿಸಿಕೊಳ್ಳಬಹುದೇ?

ನಿಮ್ಮ 1972ರ ಮಾರ್ಕ್ 2 ಅಂಬಾಸಿಡರ್‌ಗೆ ಗುಜರಿಯಲ್ಲಿ ದೊರೆತ ಕಾಂಟೆಸ್ಸಾ ಕಾರಿನ 1.8 ಲೀಟರ್ ಇಸುಜು ಪೆಟ್ರೋಲ್ ಎಂಜಿನ್ ಹಾಕಿ, ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲ್ ಹಳೆಯವನ್ನೇ ಇಟ್ಟುಕೊಳ್ಳಬಹುದೇ ಎಂದು ಕೇಳಿದ್ದೀರಿ. ಗೇರ್‌ಬಾಕ್ಸನ್ನು ಖಂಡಿತ ಉಳಿಸಿಕೊಳ್ಳಬೇಡಿ. ಆಕ್ಸಲ್ ವಿಷಯವನ್ನು ಅದರೊಳಗಿನ ಗೇರುಗಳ ಹಲ್ಲುಗಳನ್ನು ಎಣಿಸಿ, ಲೆಕ್ಕ ಹಾಕಿದ ಮೇಲೆ ತೀರ್ಮಾನಿಸಿ.

ಗೇರ್‌ಬಾಕ್ಸ್ ಬಗ್ಗೆ ಇಷ್ಟು ಖಚಿತವಾಗಿ ಹೇಳಲು ನನ್ನದೇ ತಪ್ಪು ಕಾರಣ. ಇದೇ ಜೋಡಣೆಯನ್ನು ನಾನು ಮಾಡಿದಾಗ ಸ್ಟಿಯರಿಂಗ್ ಪಕ್ಕದ ಗೇರ್ ಲಿವರ್ ಮೇಲಿನ ವ್ಯಾಮೋಹದಿಂದ ಹಳೆಯ ನಾಲ್ಕು ಗೇರಿನ ಪೆಟ್ಟಿಗೆಯನ್ನೇ ಉಳಿಸಿ, ಅದನ್ನು ಹೊಸ ಎಂಜಿನ್ನಿಗೆ ಜೋಡಿಸಲು ಲೇತ್‌ನಲ್ಲಿ ಅಡಾಪ್ಟರ್ ಪ್ಲೇಟ್ ಮಾಡಿಸಿದ್ದೆ. ಎಂಜಿನ್ನಿಗೆ ಹೊಂದುವ ವ್ಯಾಸವೂ ಗೇರ್‌ಬಾಕ್ಸ್ ಶಾಫ್ಟಿಗೆ ಹೊಂದುವ ಸ್ಪ್ಲೈನ್‌ಗಳೂ (ಶಾಫ್ಟಿನೊಂದಿಗೆ ಕೂಡಿಕೊಳ್ಳುವ ಉದ್ದುದ್ದ ಹಲ್ಲುಗಳು) ಒಂದೇ ಕ್ಲಚ್ ಪ್ಲೇಟಿನಲ್ಲಿ ಸಿಗದೆ, ಎರಡು ಪ್ಲೇಟುಗಳನ್ನು ಬಿಚ್ಚಿ ಒಂದರ ನಡುಭಾಗವನ್ನು ಇನ್ನೊಂದಕ್ಕೆ ರಿವೆಟ್ ಮಾಡಿಸಬೇಕಾಯಿತು. ಅಷ್ಟಾದರೂ ಕ್ರ್ಯಾಂಕ್‌ಶಾಫ್ಟಿನ ಮಧ್ಯರೇಖೆಗೂ ಗೇರ್‌ಬಾಕ್ಸ್ ಶಾಫ್ಟಿನ ಮಧ್ಯರೇಖೆಗೂ ಕಣ್ಣಿಗೆ ಕಾಣದಷ್ಟು ಅಂತರ ಉಳಿದಿತ್ತು. ಮೊದಲು ಕ್ಲಚ್ ಬಿಡುವಾಗ ನಡುಕ ಬಂತು, ಆಮೇಲೆ ಗೇರ್‌ಬಾಕ್ಸ್ ಶಾಫ್ಟಿನ ಮುಂತುದಿಯನ್ನು ಹಿಡಿದಿಡುವ ಪೈಲಟ್ ಬೇರಿಂಗ್ ಸವೆಯಿತು, ಕೊನೆಗೆ ಚಾರ್ಮಾಡಿ ಘಾಟಿಯ ತಿರುವೊಂದರಲ್ಲಿ ಗಾಡಿ ಗೇರಿಗೆ ಬೀಳದೆ ನಿಂತಿತು. ಸೂಕ್ಷ್ಮ ಅಂತರ ತೋರಿಸುವ ಡಯಲ್ ಗೇಜ್ ಇಟ್ಟು ಅಳೆಯದ ಅಡಾಪ್ಟರ್ ಪ್ಲೇಟನ್ನು ನಾನು ಈಗ ಯಾರಿಗೂ ಹಾಕಲು ಬಿಡುವುದಿಲ್ಲ.

ಮೂಲತಃ ಆ ಎರಡು ಎಂಜಿನ್‌ಗಳ ಸ್ವಭಾವವೇ ಬೇರೆ. ಹಳೆಯ 1489 ಸಿಸಿ ಬಿ-ಸೀರೀಸ್ ಎಂಜಿನ್ನಿನ ಬೋರ್ (ಸಿಲಿಂಡರಿನ ವ್ಯಾಸ) 73 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 88.9, ಉದ್ದ ಹೊಡೆತದ ಅದು ನಿಧಾನವಾಗಿ ತಿರುಗಿ ಎಳೆಯುತ್ತದೆ. ಇಸುಜುವಿನ 1817 ಸಿಸಿ ಎಂಜಿನ್ನಿನಲ್ಲಿ ಬೋರ್ 84, ಸ್ಟ್ರೋಕ್ 82, ಕ್ಯಾಮ್‌ಶಾಫ್ಟ್ ಹೆಡ್‌ನ ಮೇಲಿದೆ. ಅದು ಹೆಚ್ಚು ಸುತ್ತುಗಳಲ್ಲಿ ಶಕ್ತಿ ತೋರುತ್ತದೆ, ಅದರ ಜೊತೆಗೆ ಐದು ಗೇರಿನ ಪೆಟ್ಟಿಗೆ ಬಂದಿತ್ತು. ಆದ್ದರಿಂದ ಎಂಜಿನ್, ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚುವ ಕವಚ), ಕ್ಲಚ್ ಮತ್ತು ಗೇರ್‌ಬಾಕ್ಸನ್ನು ಒಂದೇ ವಸ್ತುವೆಂದು ಭಾವಿಸಿ ಒಟ್ಟಿಗೆ ಕೊಳ್ಳಿ.

ಈಗ ಆಕ್ಸಲ್. ಆಕ್ಸಲ್ ನಡುವಿನ ಡಿಫರೆನ್ಶಿಯಲ್ ಬಿಚ್ಚಿ, ಕ್ರೌನ್ (ದೊಡ್ಡ ಗೇರ್) ಮತ್ತು ಪಿನಿಯನ್ (ಅದನ್ನು ತಿರುಗಿಸುವ ಚಿಕ್ಕ ಗೇರ್) ಹಲ್ಲುಗಳನ್ನು ನೀವೇ ಎಣಿಸಿ, ಅಂಗಡಿಯವನ ಮಾತನ್ನು ನಂಬಬೇಡಿ. 41ಕ್ಕೆ 9 ಎಂದಾದರೆ ಅನುಪಾತ 4.555. ಟೈರಿನ ಒಂದು ಸುತ್ತಿಗೆ ಗಾಡಿ ಸುಮಾರು 2 ಮೀಟರ್ ಸಾಗುತ್ತದೆಂದು ಹಿಡಿದರೆ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಚಕ್ರ ನಿಮಿಷಕ್ಕೆ 667 ಸುತ್ತು ತಿರುಗುತ್ತದೆ. ನೇರ ಅನುಪಾತದ ನಾಲ್ಕನೇ ಗೇರಿನಲ್ಲಿ ಎಂಜಿನ್ ಸುಮಾರು 3040 ಸುತ್ತು ತಿರುಗಬೇಕು. ಐದನೇ ಗೇರಿನ ಅನುಪಾತ 0.85 ಇದ್ದರೆ ಅದು 2580ಕ್ಕೆ ಇಳಿಯುತ್ತದೆ, ಹೆದ್ದಾರಿಗೆ ಇದು ಹಿತವಾದ ವೇಗ. ಅಂದರೆ ಐದನೇ ಗೇರ್ ಇರುವಾಗ ಅನುಪಾತ ಬದಲಿಸುವ ಅಗತ್ಯ ಹೆಚ್ಚಾಗಿ ಬರುವುದಿಲ್ಲ. 43ಕ್ಕೆ 11ರ, ಅಂದರೆ 3.909ರ ಜೋಡಿಗಾಗಿ ಪರದಾಡುವವರನ್ನು ಕಂಡಿದ್ದೇನೆ. ಐದನೇ ಗೇರಿನಲ್ಲಿ ಅದು ಎಂಜಿನ್ನನ್ನು 2215 ಸುತ್ತಿಗೆ ಇಳಿಸಿ, ಏರಿನಲ್ಲಿ ಮತ್ತೆ ಮತ್ತೆ ಗೇರ್ ಇಳಿಸುವಂತೆ ಮಾಡುತ್ತದೆ.

ಆದರೆ ಅನುಪಾತ ಸರಿಯಿದ್ದ ಮಾತ್ರಕ್ಕೆ ಆಕ್ಸಲ್ ತಡೆಯುತ್ತದೆಂದಲ್ಲ. ಎಂಜಿನ್ 130 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಟ್ಟು, ಮೊದಲ ಗೇರ್ 3.5 ಪಟ್ಟು ಹೆಚ್ಚಿಸಿದರೆ, 4.555ರ ಕ್ರೌನ್ ದಾಟಿದ ಮೇಲೆ ಅದು 2000 ನ್ಯೂಟನ್ ಮೀಟರನ್ನು ಮೀರುತ್ತದೆ. ಚಕ್ರಗಳನ್ನು ತಿರುಗಿಸುತ್ತ ಐವತ್ತು ವರ್ಷ ದುಡಿದ ಹಾಫ್ ಶಾಫ್ಟಿನ ಸ್ಪ್ಲೈನ್‌ಗಳು ತಿರುಚಿಕೊಂಡಿದ್ದರೆ ಹೊಸ ಶಾಫ್ಟ್ ಹಾಕದೆ ಮುಂದುವರಿಯಬೇಡಿ.

ಸಾಧ್ಯವಾದರೆ ಕಾಂಟೆಸ್ಸಾ ಬಿಟ್ಟು ಇದೇ ಇಸುಜು ಎಂಜಿನ್ನಿನೊಂದಿಗೆ ಬಂದ ಅಂಬಾಸಿಡರ್ 1800 ಐಎಸ್‌ಜೆಡ್‌ನ ಬಿಡಿಭಾಗಗಳನ್ನು ಹುಡುಕಿ. ಕಾಂಟೆಸ್ಸಾದ ದೇಹ ವಾಕ್ಸ್‌ಹಾಲ್ ವಿಕ್ಟರ್‌ನದು, ನಿಮ್ಮದು ಮಾರಿಸ್ ಆಕ್ಸ್‌ಫರ್ಡ್‌ನದು. ಎಂಜಿನ್ ಒಂದೇ ಆದರೂ ಮೌಂಟಿಂಗ್ ಮತ್ತು (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ) ಪ್ರೊಪೆಲ್ಲರ್ ಶಾಫ್ಟಿನ ಉದ್ದ ಒಂದೇ ಆಗಬೇಕಿಲ್ಲ. ಐಎಸ್‌ಜೆಡ್‌ನಲ್ಲಿ ಈ ಹೊಂದಾಣಿಕೆಯನ್ನು ಕಾರ್ಖಾನೆಯೇ ಮಾಡಿ ಮುಗಿಸಿದೆ. ಶಾಫ್ಟ್ ಕತ್ತರಿಸಿ ಬೆಸುಗೆ ಹಾಕಿಸಬೇಕಾದರೆ ಎರಡೂ ತುದಿಯ ಯೋಕ್‌ಗಳು (ಯೂನಿವರ್ಸಲ್ ಜಾಯಿಂಟ್ ಹಿಡಿಯುವ ಕವೆಗಳು) ಒಂದೇ ಸಮತಲದಲ್ಲಿರಲಿ, ಗೇರ್‌ಬಾಕ್ಸ್ ತುದಿಯ ಕೋನವೂ ಪಿನಿಯನ್ ಕಡೆಯ ಕೋನವೂ ಸಮವಾಗಿರಲಿ. ಓರೆಯಾಗಿ ತಿರುಗುವ ಒಂದು ಯೂನಿವರ್ಸಲ್ ಜಾಯಿಂಟ್ ಪ್ರತಿ ಸುತ್ತಿಗೆ ಎರಡು ಬಾರಿ ವೇಗವನ್ನು ಏರಿಳಿಸುತ್ತದೆ, ಇನ್ನೊಂದು ಜಾಯಿಂಟ್ ಅಷ್ಟೇ ಕೋನದಲ್ಲಿದ್ದರೆ ಮಾತ್ರ ಆ ಏರಿಳಿತವನ್ನು ಅಳಿಸುತ್ತದೆ. ಕೋನ ಅಳೆಯುವಾಗ ಗಾಡಿಯನ್ನು ಜ್ಯಾಕ್ ಮೇಲೆ ಎತ್ತಿರಬಾರದು. ಪಟ್ಟೆ ಸ್ಪ್ರಿಂಗುಗಳ ಮೇಲೆ ಪೂರ್ಣ ಭಾರ ಬಿದ್ದಿರಬೇಕು.

ಬ್ರೇಕ್ ವಿಷಯ ಚಿಕ್ಕದು: ನಂತರದ ಅಂಬಾಸಿಡರ್‌ಗಳ ಮುಂದಿನ ಡಿಸ್ಕ್ ಬ್ರೇಕ್ ಹಾಕಿಸಿ.

ಕೆಲಸಕ್ಕೆ ಮೊದಲು ಆರ್‌ಟಿಓ ಕಚೇರಿಗೆ ಹೋಗಿ ಬನ್ನಿ. ಎಂಜಿನ್ ಸಂಖ್ಯೆ ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ನಮೂದಾಗಿರುವುದರಿಂದ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಅನುಮತಿಯಿಲ್ಲದೆ ಅದನ್ನು ಬದಲಿಸುವಂತಿಲ್ಲ. ನಿಮ್ಮ ಕಾರು 50 ವರ್ಷ ದಾಟಿದೆ. 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮ ಮೂಲ ಸ್ವರೂಪದಲ್ಲಿರುವ ವಾಹನಗಳಿಗೆ ಮಾತ್ರ ಅನ್ವಯಿಸುವುದರಿಂದ, ಇಸುಜು ಕೂತ ದಿನ ಆ ದಾರಿ ಮುಚ್ಚುತ್ತದೆ. ಹಾಗಾಗಿ ಹಳೆಯ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಗುಜರಿಗೆ ಕೊಡದೆ, ಸಿಲಿಂಡರುಗಳಿಗೆ ಎಣ್ಣೆ ಹಾಕಿ, ಸುತ್ತಿ ಎತ್ತಿಡಿ; ಚಾಸಿಯನ್ನು ಕತ್ತರಿಸದೆ ಬೋಲ್ಟಿನಿಂದಲೇ ಕೂರುವ ಮೌಂಟಿಂಗ್‌ಗಳನ್ನೇ ಮಾಡಿಸಿ.