ಬಾವಿ ಪಂಪು ಗುಂಯ್ ಅಂತದೆ, ತಿರುಗಲ್ಲ: ಕೆಪಾಸಿಟರ್ ಬದಲಿಸಲೇ?

ರಜೆಗೆ ಮಾತ್ರ ತೆರೆಯುವ ಊರ ಮನೆಯ 1 ಎಚ್‌ಪಿ ಮೋನೋಬ್ಲಾಕ್ (ಮೋಟಾರು, ಪಂಪು ಒಂದೇ ಜೋಡಣೆಯಾಗಿರುವುದು) ಅಂದಿರಿ. ಕೆಪಾಸಿಟರ್ (ಮೋಟಾರು ತಿರುಗಲು ಶುರುವಾಗುವಂತೆ ಮಾಡುವ ವಿದ್ಯುತ್ ಭಾಗ) ಈಗಲೇ ಬೇಡ. ತಿಂಗಳುಗಟ್ಟಲೆ ನಿಂತ ಪಂಪಿನಲ್ಲಿ ಇಂಪೆಲ್ಲರ್ (ನೀರು ತಳ್ಳುವ ಒಳಗಿನ ಚಕ್ರ) ತುಕ್ಕು ಹಿಡಿದು ಕಚ್ಚಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಗುಂಯ್ ಅಂದ ಕೂಡಲೇ ಆಫ್ ಮಾಡಿ, ಬಿಟ್ಟರೆ ಮೋಟಾರಿನ ತಂತಿ ಸುತ್ತು (ವೈಂಡಿಂಗ್) ಸುಡುತ್ತೆ.

ಮೇನ್ ಇಳಿಸಿ, ಹಿಂದಿನ ಫ್ಯಾನ್ ಕವರ್ ಬಿಚ್ಚಿ, ಶಾಫ್ಟನ್ನು ಎರಡೂ ಕಡೆಗೆ ಮೆಲ್ಲಗೆ ತಿರುಗಿಸಿ. ಫ್ಯಾನ್ ಹಿಡಿದು ತಿರುಚಬೇಡಿ, ಪ್ಲಾಸ್ಟಿಕ್ ಆದರೆ ರೆಕ್ಕೆ ಮುರಿಯುತ್ತೆ. ಜಗ್ಗದಿದ್ದರೆ ಇಂಪೆಲ್ಲರ್ ಮುಚ್ಚಿರುವ ಕೇಸಿಂಗ್ ಬಿಚ್ಚಿ ಎಮರಿ ಪೇಪರಿನಲ್ಲಿ ತುಕ್ಕು ಉಜ್ಜಿ. ಜೋಡಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ.

ಸಲೀಸಾಗಿ ತಿರುಗಿಯೂ ಗುಂಯ್ ಅಂದರೆ ಮೊದಲು ವೋಲ್ಟೇಜ್ ನೋಡಿ. 180ಕ್ಕಿಂತ ಕೆಳಗಿದ್ದರೆ ಒಳ್ಳೆ ಮೋಟಾರೂ ಏಳದೇ ಇರಬಹುದು. ವೋಲ್ಟೇಜ್ ಸರಿಯಿದ್ದರೆ ಆಗ ಕೆಪಾಸಿಟರ್: ಹಳೆಯದರ ಮೇಲೆ ಬರೆದಷ್ಟೇ ಮೈಕ್ರೋಫ್ಯಾರಡ್, ವೋಲ್ಟ್ ಅದಕ್ಕಿಂತ ಕಮ್ಮಿ ಬೇಡ. ಮೇನ್ ಇಳಿಸಿದ್ದರೂ ಅದರಲ್ಲಿ ಚಾರ್ಜ್ ಉಳಿದಿರುತ್ತೆ, ಬರಿಗೈಯಲ್ಲಿ ಮುಟ್ಟಬೇಡಿ.

ತಿರುಗಿದ ಮೇಲೆ ನೀರು ಬರದಿದ್ದರೆ ಅದು ಬೇರೆ ರಗಳೆ. ಪ್ರೈಮಿಂಗ್ ಮುಚ್ಚಳ ತೆಗೆದು ತುಂಬುವಷ್ಟು ನೀರು ಹುಯ್ದು 5 ನಿಮಿಷ ಕಾಯಿರಿ. ಮಟ್ಟ ಇಳಿದರೆ ಫುಟ್‌ವಾಲ್ವ್ (ಬಾವಿಯೊಳಗಿನ ಪೈಪಿನ ತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ವಾಲ್ವ್) ಸೋರುತ್ತಿದೆ. ಎಲೆ, ಕಡ್ಡಿ ಸಿಕ್ಕಿರುತ್ತೆ, ಇಲ್ಲವೇ ವಾಷರ್ ಒಣಗಿ ಸೆಟೆದಿರುತ್ತೆ. ಮಟ್ಟ ಹಾಗೇ ನಿಂತೂ ನೀರು ಏರದಿದ್ದರೆ ಹಗ್ಗ ಬಿಟ್ಟು ಅಳೆಯಿರಿ: ಬೇಸಿಗೆಯಲ್ಲಿ ಬಾವಿ ನೀರು ಪಂಪಿನಿಂದ 7 ಮೀಟರಿಗಿಂತ ಕೆಳಗಿಳಿದರೆ ಮೇಲೆ ಕೂರಿಸಿದ ಪಂಪು ಎಳೆಯಲ್ಲ.