ಉಪ್ಪುನೀರಿನ ಲೋಟ ಕೆಳಗಿಡಿ

ಪ್ರಶ್ನೆ: ಎರಡು ವರ್ಷದ ಮಗು ನೀರಿನ ಬಾಟಲಿಯಲ್ಲಿದ್ದ ಸೀಮೆಎಣ್ಣೆ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಕಲ್ಲವೇ? (ಘಾಟ್‌ಕೋಪರ್)

ಕೂಡದು. ಇದೇ ಪ್ರಶ್ನೆ ಡೊಂಬಿವ್ಲಿಯಿಂದಲೂ ಪನ್ವೇಲ್‌ನಿಂದಲೂ ಬರುತ್ತಲೇ ಇರುತ್ತದೆ. ಜೊತೆಗೆ ಗಂಟಲಿಗೆ ಬೆರಳು, ಹಸಿಮೊಟ್ಟೆ, ಹಾಲು ಎಂಬ ಪಟ್ಟಿ. ಸೀಮೆಎಣ್ಣೆ, ಥಿನ್ನರ್‌ನಂಥ ತೆಳ್ಳನೆಯ ದ್ರವಗಳು ಹೊಟ್ಟೆಗಿಂತ ಶ್ವಾಸಕೋಶಕ್ಕೆ ಹೆಚ್ಚು ಅಪಾಯ. ವಾಂತಿಯಾಗುವಾಗ 1 ಮಿ.ಲೀ.ಗಿಂತ ಕಡಿಮೆ ಒಳಗೆ ಜಾರಿದರೂ ನ್ಯುಮೋನಿಯಾ ಆಗಬಹುದು. ಬಚ್ಚಲು ತೊಳೆಯುವ ಆಸಿಡ್ ಆದರಂತೂ ಇಳಿಯುವಾಗ ಸುಟ್ಟ ಅನ್ನನಾಳವನ್ನು ಏರುವಾಗ ಮತ್ತೆ ಸುಡುತ್ತದೆ. ಉಪ್ಪುನೀರೇ ರಕ್ತದ ಸೋಡಿಯಂ ಏರಿಸಿ ಫಿಟ್ಸ್ ತರಿಸಬಲ್ಲದು. ನಿಂಬೆರಸ ಹಿಂಡುವ ನಾಟಿವೈದ್ಯರ ಮಾತು ಎತ್ತಲೇಬೇಡಿ.

ಬಾಯಿ ಒರೆಸಿ. ನೆನೆದ ಬಟ್ಟೆ ಬಿಚ್ಚಿ, ಮೈಯನ್ನು ಸೋಪು-ನೀರಿನಿಂದ ತೊಳೆಯಿರಿ. ಮಂಕಾಗಿದ್ದರೆ ಎಡ ಮಗ್ಗುಲಿಗೆ ಮಲಗಿಸಿ. 108ಕ್ಕೆ ಕರೆ ಮಾಡಿ. ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರ 1800 116 117ರಲ್ಲಿ ಹಗಲಿರುಳೂ ಸಿಗುತ್ತದೆ. ಆಸ್ಪತ್ರೆಗೆ ಬಾಟಲಿಯನ್ನೂ ಜೊತೆಗೇ ಒಯ್ಯಿರಿ, ಎಷ್ಟು ಕಡಿಮೆಯಾಗಿದೆ ಎಂಬುದೂ ಬೇಕು. ಮಗು ನಗುತ್ತಿದೆಯೆಂದು ಮನೆಗೆ ಮರಳಬೇಡಿ: ಕೆಮ್ಮು, ಏದುಸಿರು ತಡವಾಗಿ ಶುರುವಾಗಬಹುದು, ಕನಿಷ್ಠ 6 ಗಂಟೆ ನಿಗಾ ಬೇಕು.

ಮೂಲ ತಪ್ಪು ಬಾಟಲಿಯದು. ಮುಂಬಯಿಯ ಗಲ್ಲಿಗಳಲ್ಲಿ ಬಿಡಿಯಾಗಿ ಮಾರುವ ಫಿನೈಲ್, ಆಸಿಡ್ ಹಳೆಯ ನೀರಿನ ಬಾಟಲಿಯಲ್ಲೇ ಮನೆಗೆ ಬರುತ್ತವೆ. ಚಾಳಿನ ಒಂದೇ ಕೋಣೆಯಲ್ಲಿ ಮೋರಿಯ (ಒಳಗಿನ ಪುಟ್ಟ ಬಚ್ಚಲಿನ) ಪಕ್ಕ ಕುಡಿಯುವ ನೀರೂ ಅದೂ ಒಂದೇ ಸಾಲು. ಮಗುವಿಗೆ ಲೇಬಲ್ ಓದಲು ಬರುವುದಿಲ್ಲ, ಆಕಾರ ಗೊತ್ತು. ಸೀಲ್ ಇರುವ ಡಬ್ಬವನ್ನೇ ಕೊಳ್ಳಿ, ಬೇರೆಯದಕ್ಕೆ ಸುರಿಯಬೇಡಿ, ಚಿಲಕ ಹಾಕುವ ಕಪಾಟಿನಲ್ಲಿಡಿ. ಎತ್ತರದ ಶೆಲ್ಫ್ ಸಾಲದು. ಸ್ಟೂಲ್ ಎಳೆಯುವುದು ಎರಡು ವರ್ಷಕ್ಕೇ ಗೊತ್ತು.

ಪ್ರಶ್ನೆ: ಪೂಜೆಯ ಕರ್ಪೂರ ತಿಂದರೆ? (ಪುಣೆ)
ಫಿಟ್ಸ್, ಕೆಲವೊಮ್ಮೆ ನಿಮಿಷಗಳಲ್ಲೇ. ಆಸ್ಪತ್ರೆಗೆ ಓಡಿ.

ಪ್ರಶ್ನೆ: ರಿಮೋಟ್‌ನ ಬಟನ್ ಸೆಲ್ ನುಂಗಿದರೆ ಬಾಳೆಹಣ್ಣು ಕೊಡಲೇ? (ವಾಸ್ಕೊ)
ಕೊಡಬೇಡಿ. ಅನ್ನನಾಳದಲ್ಲಿ ಸಿಕ್ಕರೆ 2 ಗಂಟೆಯಲ್ಲೇ ಸುಡುತ್ತದೆ. ಎಕ್ಸ್‌ರೇ ಈಗಲೇ.

ಪ್ರಶ್ನೆ: ಮಗು ಇಲಿ ಕೊಲ್ಲುವ ಪೇಸ್ಟ್ ನೆಕ್ಕಿತು, ಚೆನ್ನಾಗಿದೆ. ಕಾಯಲೇ? (ಠಾಣೆ)
ಕಾಯಬೇಡಿ. ಅದರಲ್ಲಿ ಹಳದಿ ರಂಜಕ (ಯೆಲ್ಲೋ ಫಾಸ್ಫರಸ್) ಇದ್ದರೆ ಮೊದಲ ದಿನ ಚೆನ್ನಾಗಿದ್ದ ಮಗುವಿನ ಯಕೃತ್ತು ಎರಡು-ಮೂರು ದಿನಕ್ಕೆ ಕೈಕೊಡಬಹುದು. ಪ್ರತಿವಿಷ ಇಲ್ಲ. ಟೊಮೆಟೊ, ಬ್ರೆಡ್‌ಗೆ ಸವರಿ ನೆಲದ ಮೇಲಿಡುವುದನ್ನು ಇಂದೇ ನಿಲ್ಲಿಸಿ, ಬೋನು ತನ್ನಿ.